ಮುಂಡಗೋಡದಲ್ಲಿ ಹುಟ್ಟಿದವರು ಯಾವ ದೇಶದವರು?

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಒಂದು ಮನೆಯನ್ನು ಊಹಿಸಿಕೊಳ್ಳಿ. 1959ರ ನಂತರ ತಂತಮ್ಮ ಹೆತ್ತವರ ಬೆನ್ನ ಮೇಲೆ ಹಿಮಾಲಯ ದಾಟಿ ಬಂದ ಇಬ್ಬರು ಮಕ್ಕಳು ಇಲ್ಲೇ ಬೆಳೆದು, ಇಲ್ಲೇ ಮದುವೆಯಾಗಿದ್ದಾರೆ. ಅವರಿಗೆ 1984ರಲ್ಲಿ ಒಬ್ಬ ಮಗಳು, 1987ರ ಆಗಸ್ಟ್‌ನಲ್ಲಿ ಒಬ್ಬ ಮಗ. ಮಗಳು ಮುಂದೆ, ಟಿಬೆಟಿನಲ್ಲಿ ಹುಟ್ಟಿ ತೊಂಬತ್ತರ ದಶಕದಲ್ಲಿ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವನನ್ನು ಮದುವೆಯಾದಳು. ಅವಳಿಗೆ 2003ರಲ್ಲಿ ಗಂಡು ಮಗು, 2006ರಲ್ಲಿ ಹೆಣ್ಣು ಮಗು. ಭಾರತದ ಪೌರತ್ವ ಕಾಯ್ದೆಯ ಮುಂದೆ ಈ ನಾಲ್ವರನ್ನು ನಿಲ್ಲಿಸಿದರೆ ಉತ್ತರ ಹೀಗೆ ಬರುತ್ತದೆ: ಮಗಳು ಹುಟ್ಟಿನಿಂದಲೇ ಭಾರತೀಯಳು, ಅವಳ ಒಡಹುಟ್ಟಿದ ತಮ್ಮ ವಿದೇಶಿ. ಅವಳ ಮಗ ಭಾರತೀಯ, ಮಗಳು ಮಾತ್ರ ಅನುಮಾನದ ಪಟ್ಟಿಯಲ್ಲಿ. ಸೋದರಳಿಯನಿಗೆ ಮತದಾನದ ಹಕ್ಕಿದೆ, ಸೋದರಮಾವನಿಗಿಲ್ಲ. ನಾಲ್ವರೂ ಒಂದೇ ತಾಲ್ಲೂಕಿನಲ್ಲಿ ಹುಟ್ಟಿದವರು, ಒಂದೇ ಒಲೆಯ ಮುಂದೆ ಉಂಡವರು, ಸಂತೆಯಲ್ಲಿ ಒಂದೇ ಕನ್ನಡ ಆಡುವವರು. ಅವರನ್ನು ಬೇರೆ ಮಾಡಿದ್ದು ಕಾಯ್ದೆ ಎಳೆದ ಎರಡು ತಾರೀಖಿನ ಗೆರೆಗಳು.

ನಮ್ಮ ಚಿಕ್ಕೇರೂರಿನಿಂದ ಹಾನಗಲ್ ದಾಟಿ ಉತ್ತರಕ್ಕೆ ಸಾಗಿದರೆ, ಹಾವೇರಿ ಜಿಲ್ಲೆ ಮುಗಿಯುವಲ್ಲಿ ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕು. ಶಿಗ್ಗಾವಿಯವರಿಗೂ ಅದು ನೆರೆಯೇ. 1966ರಲ್ಲಿ, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ, ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 4,000 ಎಕರೆ ಕಾಡುನೆಲವನ್ನು ಟಿಬೆಟನ್ ನಿರಾಶ್ರಿತರಿಗೆ ಕೊಟ್ಟಿತು. ಬೈಲಕುಪ್ಪೆಯಲ್ಲಿ ಎರಡು, ಹುಣಸೂರು ಮತ್ತು ಕೊಳ್ಳೇಗಾಲದಲ್ಲಿ ಒಂದೊಂದು, ಮುಂಡಗೋಡದ್ದು ಸೇರಿ ರಾಜ್ಯದಲ್ಲಿ ಒಟ್ಟು ಐದು ವಸಾಹತುಗಳಿವೆ. ಲಾಸಾದ ಬಳಿ ಶತಮಾನಗಳ ಕಾಲ ನಿಂತಿದ್ದ ಗಾಂದೆನ್ ಮತ್ತು ದ್ರೆಪುಂಗ್ ಮಹಾವಿಹಾರಗಳು ಮತ್ತೆ ಎದ್ದು ನಿಂತದ್ದು ಮುಂಡಗೋಡದ ಈ ಕೆಂಪು ಮಣ್ಣಿನಲ್ಲೇ. ಕಾಡು ಕಡಿದು ಗೋವಿನಜೋಳ ಬೆಳೆದವರು, ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋದವರು ಇಲ್ಲೇ ಮಕ್ಕಳನ್ನು ಹೆತ್ತರು. ಆ ಮಕ್ಕಳ ಕೈಗೆ ಸರ್ಕಾರ ಕೊಟ್ಟದ್ದು ವಿದೇಶಿಯರ ನೋಂದಣಿ ಪುಸ್ತಕ. ಆಡುಮಾತಿನಲ್ಲಿ ಅದು ಆರ್‌ಸಿ. ಅವಧಿ ಮುಗಿದಾಗಲೆಲ್ಲ ಅದನ್ನು ನವೀಕರಿಸಬೇಕು. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ರಟ್ಟಿನ ಗುರುತಿನ ಪತ್ರ. ಈ ಆರ್‌ಸಿಯನ್ನು ತೆರೆದು ನೋಡಿದರೆ ಇಡೀ ಸಮಸ್ಯೆ ಅದರ ಎರಡು ಸಾಲಿನಲ್ಲೇ ಕಾಣಿಸುತ್ತದೆ. ಒಂದು ಸಾಲು ಹುಟ್ಟಿದ ಸ್ಥಳ, ಅದರಲ್ಲಿ ಮುಂಡಗೋಡ ಎಂದಿರುತ್ತದೆ. ಇನ್ನೊಂದು ರಾಷ್ಟ್ರೀಯತೆ, ಅದರಲ್ಲಿ ಟಿಬೆಟನ್ ಎಂದಿರುತ್ತದೆ. 1987ರ ಜುಲೈಗಿಂತ ಮೊದಲು ಹುಟ್ಟಿದವರ ಮಟ್ಟಿಗೆ ಮೊದಲ ಸಾಲು ನಿಜವಾದರೆ ಎರಡನೆಯದು ಕಾನೂನಿನಲ್ಲಿ ನಿಲ್ಲುವುದೇ ಇಲ್ಲ.

ಏಕೆ ನಿಲ್ಲುವುದಿಲ್ಲ ಎಂದರೆ, 1955ರ ಪೌರತ್ವ ಕಾಯ್ದೆಯ 3ನೇ ಕಲಂ ಮೊದಲಿಗೆ ಬಹಳ ಉದಾರವಾಗಿತ್ತು. 1950ರ ಜನವರಿ 26ರಂದು ಅಥವಾ ಆಮೇಲೆ ಭಾರತದ ನೆಲದಲ್ಲಿ ಹುಟ್ಟಿದವರೆಲ್ಲ ಭಾರತೀಯರು ಎಂದು ಅದು ಹೇಳಿತು. ಹೊರಗಿಟ್ಟದ್ದು ವಿದೇಶಿ ರಾಜತಾಂತ್ರಿಕರ ಮಕ್ಕಳನ್ನು ಮತ್ತು ಶತ್ರು ದೇಶದವರ ವಶದಲ್ಲಿದ್ದ ಜಾಗದಲ್ಲಿ ಹುಟ್ಟಿದ ಅವರ ಮಕ್ಕಳನ್ನು ಮಾತ್ರ. ತಂದೆ-ತಾಯಿ ಯಾರು, ಎಲ್ಲಿಂದ ಬಂದರು ಎಂಬ ಪ್ರಶ್ನೆಯನ್ನೇ ಅದು ಕೇಳಲಿಲ್ಲ. ಅಸ್ಸಾಂ ಚಳವಳಿ ಮತ್ತು 1985ರ ಅಸ್ಸಾಂ ಒಪ್ಪಂದದ ಬೆನ್ನಿಗೆ 1986ರಲ್ಲಿ ತಿದ್ದುಪಡಿ ಬಂತು. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು ಎಂದಾಯಿತು. 2003ರ ತಿದ್ದುಪಡಿ ಜಾರಿಗೆ ಬಂದ 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿಯಾಯಿತು: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೀಗೆ ಹುಟ್ಟಿದ ನೆಲವನ್ನು ನೋಡುತ್ತಿದ್ದ ಕಾಯ್ದೆ ಹದಿನೇಳು ವರ್ಷಗಳಲ್ಲಿ ಹೆತ್ತವರ ಕಾಗದ ನೋಡುವ ಕಾಯ್ದೆಯಾಯಿತು. ಆದರೆ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಸಂಸತ್ತು ಎರಡು ಸಲವೂ ಮುಂದೆ ಹುಟ್ಟುವವರಿಗೆ ನಿಯಮ ಬದಲಿಸಿತು, ಆಗಲೇ ಹುಟ್ಟಿದವರ ಹಕ್ಕನ್ನು ಮುಟ್ಟಲಿಲ್ಲ. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ. ಸಂಸತ್ತು ಕೈ ಹಾಕದೆ ಬಿಟ್ಟ ಹಕ್ಕಿಗೆ ಕಚೇರಿಗಳು ಷರತ್ತು ಹಾಕುವಂತಿಲ್ಲ.

ಈ ಸಂಯಮ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಇಟಲಿಯ ಕಡೆ ನೋಡಬೇಕು. ಅಲ್ಲಿ ಪೌರತ್ವ ರಕ್ತಸಂಬಂಧದಿಂದ ಬರುತ್ತದೆ. 1861ರಲ್ಲಿ ಇಟಲಿ ಒಂದು ದೇಶವಾದ ಮೇಲೆ ಬದುಕಿದ್ದ ಪೂರ್ವಜನೊಬ್ಬ ಇದ್ದು, ಅವನಿಂದ ಕೊಂಡಿ ಎಲ್ಲೂ ಕಡಿಯದೆ ಬಂದಿದ್ದರೆ, ಅರ್ಜೆಂಟೀನಾದಲ್ಲೋ ಬ್ರೆಜಿಲ್‌ನಲ್ಲೋ ಹುಟ್ಟಿದ ಮರಿಮೊಮ್ಮಗನೂ ತಾನು ಇಟಲಿಯವನೆಂದು ದಾಖಲೆ ತೋರಿಸಿ ಹಕ್ಕು ಕೇಳಬಹುದಿತ್ತು. 2025ರ ಮಾರ್ಚ್ 28ರಂದು ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ಮೇ ತಿಂಗಳಲ್ಲಿ ಅದು 74ನೇ ಸಂಖ್ಯೆಯ ಕಾನೂನಾಯಿತು. ಇನ್ನು ಮೇಲೆ ಸಾಮಾನ್ಯವಾಗಿ ತಂದೆ-ತಾಯಿ ಅಥವಾ ಅಜ್ಜ-ಅಜ್ಜಿಯವರೆಗೆ ಮಾತ್ರ, ಅದೂ ಅವರು ಬೇರೆ ದೇಶದ ಪೌರತ್ವ ಹೊಂದಿರದಿದ್ದರೆ. ಹಿಂದಿನ ದಿನ, ಅಂದರೆ ಮಾರ್ಚ್ 27ರ ಮಧ್ಯರಾತ್ರಿಯೊಳಗೆ ಅರ್ಜಿ ಹಾಕಿದ್ದವರಿಗೆ ಹಳೆಯ ನಿಯಮ ಉಳಿಯಿತು. ಮಿಕ್ಕವರಿಗೆ ಆ ಕಾನೂನು ಹೇಳಿದ್ದು, ನೀವು ಮೊದಲೇ ಹುಟ್ಟಿದ್ದರೂ ಸರಿ, ಪೌರತ್ವ ನಿಮಗೆ ಎಂದೂ ಬಂದೇ ಇರಲಿಲ್ಲವೆಂದು ತಿಳಿಯಲಾಗುವುದು ಎಂದು. ಎಂದೂ ನೋಡದ ದೇಶದ ಪಾಸ್‌ಪೋರ್ಟಿಗಾಗಿ ಲಕ್ಷಾಂತರ ಜನ ಸಾಲು ನಿಲ್ಲುವುದನ್ನು ತಡೆಯಬೇಕೆಂಬ ಇಟಲಿಯ ಕಾಳಜಿ ನನಗೆ ಅರ್ಥವಾಗುತ್ತದೆ. ಹುಟ್ಟಿದ ದಿನ ಇದ್ದ ಹಕ್ಕನ್ನು ಇರಲೇ ಇಲ್ಲ ಎನ್ನುವುದನ್ನು ಮಾತ್ರ ಒಪ್ಪಲಾರೆ. ಭಾರತದ ಸಂಸತ್ತು 1986ರಲ್ಲೂ 2003ರಲ್ಲೂ ಹಾಗೆ ಮಾಡಲಿಲ್ಲ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಇಟಲಿಯ ವಿವಾದ ದೇಶದ ಹೊರಗೆ ಹುಟ್ಟಿದವರದು. ಮುಂಡಗೋಡದ ಪ್ರಶ್ನೆ ಈ ನೆಲವನ್ನು ಬಿಟ್ಟರೆ ಬೇರೆ ನೆಲವನ್ನೇ ಕಾಣದವರದು.

ಹಕ್ಕಿದೆ ಎನ್ನುವುದನ್ನು ನ್ಯಾಯಾಲಯಗಳು ಬಿಡಿಬಿಡಿಯಾಗಿ, ಆದರೆ ಸ್ಪಷ್ಟವಾಗಿ ಹೇಳಿವೆ. 1986ರಲ್ಲಿ ಹಿಮಾಚಲದ ಕಾಂಗ್ಡಾದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಅವರಿಗೆ ಪಾಸ್‌ಪೋರ್ಟ್ ಕೊಡಲು ಅಧಿಕಾರಿಗಳು ಒಪ್ಪಲಿಲ್ಲ. ನೀನೇ ಟಿಬೆಟನ್ ಎಂದು ಬರೆದುಕೊಟ್ಟಿದ್ದೀಯಲ್ಲ ಎಂಬುದು ಅವರ ವಾದ. 2010ರ ಡಿಸೆಂಬರ್ 22ರಂದು ದೆಹಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿ, ಆಕೆ ಹುಟ್ಟಿನಿಂದ ಭಾರತೀಯಳೆಂದಿತು. ನಮ್ಮದೇ ರಾಜ್ಯದ ಪ್ರಕರಣ ಮುಂಡಗೋಡಕ್ಕೆ ಇನ್ನೂ ಹತ್ತಿರದ್ದು. ದಲೈ ಲಾಮಾ ಅವರ ಗುರುವಾಗಿದ್ದ ಲಿಂಗ್ ರಿಂಪೋಚೆಯವರ ಪುನರವತಾರವೆಂದು ಗುರುತಿಸಲಾದ, ದ್ರೆಪುಂಗ್ ಲೋಸೆಲಿಂಗ್ ವಿಹಾರದ ಈಗಿನ ಲಿಂಗ್ ರಿಂಪೋಚೆ 1985ರಲ್ಲಿ ಭಾರತದಲ್ಲಿ ಹುಟ್ಟಿದವರು. ಅವರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2013ರ ಆಗಸ್ಟ್‌ನಲ್ಲಿ ಅದೇ ತೀರ್ಮಾನಕ್ಕೆ ಬಂತು. ಮುಂದಿನ ವರ್ಷದ ಫೆಬ್ರವರಿಯಲ್ಲಿ ಚುನಾವಣಾ ಆಯೋಗ, 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಬೇಕೆಂದು ಸೂಚಿಸಿತು. ಮುಂಡಗೋಡ ಯಲ್ಲಾಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಅಲ್ಲಿ ಮತ ಕೇಳಲು ಹೊರಟವರಿಗೆ ಕ್ಯಾಂಪಿನ ದಾರಿ ಅಂದಿನಿಂದ ಬೇರೆ ರೀತಿ ಕಂಡಿರಬೇಕು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮತ್ತೊಂದು ಪ್ರಕರಣದಲ್ಲಿ, ಈ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರಿಗೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದಿತು. ಇದು ಟಿಬೆಟನ್ನರಿಗೆ ಮಾತ್ರ ಸಿಕ್ಕ ರಿಯಾಯಿತಿಯೂ ಅಲ್ಲ. 1986ರಲ್ಲಿ ತಮಿಳುನಾಡಿನ ಮಂಡಪಂ ಶಿಬಿರದಲ್ಲಿ ಶ್ರೀಲಂಕಾ ತಮಿಳು ನಿರಾಶ್ರಿತರಿಗೆ ಹುಟ್ಟಿದ ಮಹಿಳೆಯೊಬ್ಬರ ವಿಷಯದಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ 2022ರಲ್ಲಿ ಇದೇ ಕಲಂ ಹಿಡಿದು ಇದೇ ಮಾತು ಹೇಳಿತು.

ಇಷ್ಟಾದ ಮೇಲೆ ಹಾದಿ ಸುಗಮವಾಗಬೇಕಿತ್ತು. 2017ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕೊಡಿ ಎಂದು ತನ್ನ ಕಚೇರಿಗಳಿಗೆ ಹೇಳಿತು. ಜೂನ್‌ನಲ್ಲಿ ಷರತ್ತುಗಳು ಬಂದವು. ಆರ್‌ಸಿ ಮತ್ತು ಹಳದಿ ಪುಸ್ತಕ ರದ್ದಾಗಬೇಕು. ಟಿಬೆಟನ್ ವಸಾಹತಿನಲ್ಲಿ ವಾಸ ಮಾಡುವಂತಿಲ್ಲ. ಧರ್ಮಶಾಲೆಯ ಟಿಬೆಟ್ ಆಡಳಿತದಿಂದಾಗಲೀ, ಆರ್‌ಸಿ ಇದ್ದವರಿಗೆ ಸಿಗುವ ಸವಲತ್ತುಗಳಿಂದಾಗಲೀ ಏನನ್ನೂ ಪಡೆಯುವಂತಿಲ್ಲ. ಇವುಗಳಲ್ಲಿ ಮೊದಲನೆಯದು ನ್ಯಾಯವಾದದ್ದೇ, ಭಾರತೀಯನಾದವನು ವಿದೇಶಿಯರ ನೋಂದಣಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಉಳಿದವು ಹಾಗಲ್ಲ. 1970ರಲ್ಲಿ ಕ್ಯಾಂಪಿನಲ್ಲಿ ಹುಟ್ಟಿ, ಅಪ್ಪ ಕಡಿದು ಹಸನು ಮಾಡಿದ ಹೊಲದಲ್ಲೇ ದುಡಿಯುತ್ತಿರುವವನು ತನ್ನ ಪೌರತ್ವದ ಕಾಗದ ಬೇಕಾದರೆ ಮನೆ ಬಿಡಬೇಕು, ಹೊಲ ಬಿಡಬೇಕು, ಮುಪ್ಪಿನ ತಾಯಿಯನ್ನು ಅಲ್ಲೇ ಬಿಡಬೇಕು. ದೇಶದ ಯಾವ ಮೂಲೆಯಲ್ಲಾದರೂ ವಾಸಿಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿ ಪ್ರತಿ ನಾಗರಿಕನಿಗೆ ಕೊಟ್ಟಿದೆ. ನಾಗರಿಕನೆಂದು ಒಪ್ಪಿಕೊಳ್ಳುವ ಗಳಿಗೆಯಲ್ಲೇ ಊರು ಬಿಡು ಎನ್ನುವುದು ಆ ವಿಧಿಯ ಜೊತೆ ಹೊಂದುವುದಿಲ್ಲ. ವಸಾಹತಿನ ಜಮೀನು ನಿರಾಶ್ರಿತರಿಗಾಗಿ ಮೀಸಲಾದದ್ದು ಎಂಬ ಸರ್ಕಾರದ ಸಮಜಾಯಿಷಿಯಲ್ಲಿ ಹುರುಳಿದೆ, ನಿಜ. ಆ ತೊಡಕನ್ನು ಗೇಣಿಯ ಕರಾರಿನಲ್ಲಿ ಬಗೆಹರಿಸಬಹುದು. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ ಹೇಗೂ ಜಮೀನನ್ನು ಗೇಣಿಯ ಮೇಲೆ ಕೊಡುವ ಮಾತಾಡಿದೆ. ಭಾರತೀಯನಾದ ಟಿಬೆಟನ್ ರೈತ ಗೇಣಿದಾರನಾಗಿ ಮುಂದುವರಿಯಬಹುದೇ, ಎಷ್ಟು ವರ್ಷ, ಯಾವ ಬಾಡಿಗೆಗೆ ಎಂಬುದನ್ನು ಕಂದಾಯ ಇಲಾಖೆ ಬರೆದು ಮುಗಿಸಬಹುದಾದ ಕೆಲಸ ಅದು. ಪಾಸ್‌ಪೋರ್ಟ್ ಅರ್ಜಿಯ ಜೊತೆ ಅದನ್ನು ಗಂಟು ಹಾಕಬೇಕಿರಲಿಲ್ಲ.

ಇವರೇ ಇಷ್ಟು ವರ್ಷ ವಿದೇಶಿಯೆಂದು ನೋಂದಾಯಿಸಿಕೊಂಡು, ಈಗ ಬೇಕಾದಾಗ ಭಾರತೀಯರೆನ್ನುವುದು ಎಷ್ಟು ಸರಿ ಎಂಬ ಆಕ್ಷೇಪ ಮೇಲ್ನೋಟಕ್ಕೆ ಬಲವಾಗಿ ಕಾಣುತ್ತದೆ. ಆದರೆ ಪೌರತ್ವವನ್ನು ಕಳೆದುಕೊಳ್ಳುವ ದಾರಿಗಳನ್ನು ಕಾಯ್ದೆಯೇ ಎಣಿಸಿಟ್ಟಿದೆ: ವಿಧಿಪೂರ್ವಕವಾಗಿ ತ್ಯಜಿಸುವುದು, ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆಯುವುದು, ಕೆಲವು ಸಂದರ್ಭಗಳಲ್ಲಿ ಸರ್ಕಾರ ಕಿತ್ತುಕೊಳ್ಳುವುದು. ಪೊಲೀಸರು ಕೊಟ್ಟ ಪುಸ್ತಕಕ್ಕೆ ಸಹಿ ಹಾಕುವುದು ಆ ಪಟ್ಟಿಯಲ್ಲಿಲ್ಲ. ಟಿಬೆಟನ್ ಎಂಬ ರಾಷ್ಟ್ರೀಯತೆಯನ್ನು ಭಾರತ ಸರ್ಕಾರವೇ ಒಂದು ದೇಶದ ಪೌರತ್ವವೆಂದು ಮಾನ್ಯ ಮಾಡಿಲ್ಲ. ಹಾಗಿರುವಾಗ ಬೇರೆ ದೇಶದ ಪೌರತ್ವ ಪಡೆದರು ಎನ್ನಲು ಆಧಾರವೂ ಇಲ್ಲ. ಇದಕ್ಕೆ ಹೋಲಿಕೆಯಾಗಿ ಗೋವಾ ಮೂಲದ ಕಾರವಾರದ ಕಡೆಯವರನ್ನು ನೋಡಬಹುದು. 1961ರ ಡಿಸೆಂಬರ್ 19ಕ್ಕೆ ಮುನ್ನ ಗೋವಾದಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್ನಿನಲ್ಲಿ ಹಿರಿಯರ ಜನನ ದಾಖಲಿಸಿ ಪೋರ್ಚುಗಲ್ ಪೌರತ್ವ ಪಡೆದಾಗ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಅಲ್ಲಿ ಒಂದು ಬಿಟ್ಟು ಇನ್ನೊಂದನ್ನು ಹಿಡಿದದ್ದು ಇದೆ. ಮುಂಡಗೋಡದವರು ಬಿಟ್ಟದ್ದೂ ಇಲ್ಲ, ಹಿಡಿದದ್ದೂ ಇಲ್ಲ. ತಮಗೆ ಹಕ್ಕಿದೆಯೆಂಬುದೇ ಅವರಲ್ಲಿ ಬಹುಪಾಲು ಜನರಿಗೆ 2010ರ ತೀರ್ಪಿನವರೆಗೆ ಗೊತ್ತಿರಲಿಲ್ಲ ಎಂದರೆ ತಪ್ಪಾಗಲಾರದು.

ನನಗೆ ಹೆಚ್ಚು ಗಂಭೀರವೆನಿಸುವುದು ನಮ್ಮ ನೆರೆಹೊರೆಯವರ ಮಾತು. ಹಾನಗಲ್, ಹಿರೇಕೆರೂರು, ಶಿಗ್ಗಾವಿ ತಾಲ್ಲೂಕುಗಳಲ್ಲಿ ಬಗರ್‌ಹುಕುಂ ಸಾಗುವಳಿದಾರರು ನಮೂನೆ 50, 53, 57 ಎಂದು ಅರ್ಜಿ ಹಾಕುತ್ತಲೇ ಮುದುಕರಾಗಿದ್ದಾರೆ. ಕಾಡಂಚಿನಲ್ಲಿ ಉಳುವ, ಬುಡಕಟ್ಟಿಗೆ ಸೇರದ ಕುಟುಂಬಗಳನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮೂರು ತಲೆಮಾರಿನ, ಅಂದರೆ 75 ವರ್ಷದ ದಾಖಲೆ ತನ್ನಿ ಎಂದು ಕೇಳುತ್ತದೆ. ನಮ್ಮವರಿಗೇ ಹಕ್ಕುಪತ್ರ ಸಿಗದಿರುವಾಗ ಹೊರಗಿನಿಂದ ಬಂದವರಿಗೆ ಎಕರೆಗಟ್ಟಲೆ ಭೂಮಿ, ಮೇಲೆ ಪೌರತ್ವ ಬೇರೆ ಎಂದು ಯಾರಾದರೂ ಕೇಳಿದರೆ ಆ ನೋವನ್ನು ಹಗುರವಾಗಿ ಕಾಣಲಾಗದು. ಆದರೂ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಪೌರತ್ವ ಒಪ್ಪಿಕೊಂಡದ್ದರಿಂದ ಒಂದು ಗುಂಟೆ ಜಮೀನೂ ಹೊಸದಾಗಿ ಯಾರ ಕೈ ಸೇರುವುದಿಲ್ಲ, ಕ್ಯಾಂಪಿನ ನೆಲ 1966ರಲ್ಲೇ ಕೊಟ್ಟದ್ದು. ಎರಡನೆಯದಾಗಿ, ಬಗರ್‌ಹುಕುಂ ರೈತನ ಸಂಕಟವೂ ಆರ್‌ಸಿ ಹಿಡಿದವನ ಸಂಕಟವೂ ಹುಟ್ಟಿದ ಜಾಗ ಒಂದೇ. ಸರ್ಕಾರ ತಾನೇ ಆಗ ಕೊಡಬೇಕಿದ್ದ ಕಾಗದವನ್ನು ಕೊಡದೆ, ಈಗ ಅದನ್ನೇ ತೋರಿಸು ಎನ್ನುತ್ತದೆ. ಒಬ್ಬನ ವಿಷಯದಲ್ಲಿ ಇದು ಅನ್ಯಾಯವಾದರೆ ಇನ್ನೊಬ್ಬನ ವಿಷಯದಲ್ಲೂ ಅನ್ಯಾಯವೇ.

ಭಾರತೀಯರಾಗಿಬಿಟ್ಟರೆ ಟಿಬೆಟಿನ ಹೋರಾಟವೇ ಕರಗಿಹೋಗುತ್ತದೆ ಎಂಬ ಚಿಂತೆ ಟಿಬೆಟನ್ ಹಿರಿಯರಲ್ಲೇ ಇದೆ. ಅದು ಅವರ ಮನೆಯೊಳಗಿನ ಚರ್ಚೆ, ಅಲ್ಲೇ ನಡೆಯಬೇಕಾದದ್ದು. ಪೌರತ್ವ ಕೇಳದೆ ಆರ್‌ಸಿಯಲ್ಲೇ ಉಳಿಯುವವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಕೇಳುವುದು ಬಿಡುವುದು ಆಯಾ ವ್ಯಕ್ತಿಯ ಆಯ್ಕೆಯಾಗಬೇಕು, ಆ ಆಯ್ಕೆಯನ್ನು ಅವರ ಪರವಾಗಿ ಪಾಸ್‌ಪೋರ್ಟ್ ಕಚೇರಿ ಮಾಡಬಾರದು.

ಹಾಗಾದರೆ 1987ರ ಆಗಸ್ಟ್‌ನಲ್ಲಿ ಹುಟ್ಟಿದ ಆ ತಮ್ಮನ ಗತಿಯೇನು? ಅವನಿಗೆ ಹುಟ್ಟಿನ ಹಕ್ಕಿಲ್ಲ, ಸಂಸತ್ತಿನ ಗೆರೆಯನ್ನು ನಾನು ಅಳಿಸಲಾರೆ. ಅವನಿಗೆ ಉಳಿದಿರುವುದು ಸಹಜೀಕರಣದ ದಾರಿ. ಒಟ್ಟು 12 ವರ್ಷದ ವಾಸ ಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದಾದರೂ ಒಂದು ಭಾಷೆ ತಿಳಿದಿರಬೇಕು ಎನ್ನುತ್ತದೆ ಕಾಯ್ದೆ. ಮುಂಡಗೋಡದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಿ ಬೆಳೆದವನಿಗೆ ಈ ಎರಡೂ ಕಷ್ಟವಲ್ಲ. ಕಷ್ಟ ಇರುವುದು ಕೊಡುವುದು ಬಿಡುವುದು ಪೂರ್ತಿ ಕೇಂದ್ರದ ವಿವೇಚನೆ ಎಂಬಲ್ಲಿ. 2019ರ ತಿದ್ದುಪಡಿ ಬೌದ್ಧರ ಹೆಸರನ್ನು ಹೇಳಿದರೂ ಅದು ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನದಿಂದ ಬಂದವರಿಗೆ ಮಾತ್ರ, ಟಿಬೆಟಿನಿಂದ ಬಂದ ಬೌದ್ಧರಿಗೆ ಅದರಲ್ಲಿ ಜಾಗವಿಲ್ಲ. ಇನ್ನು 2006ರಲ್ಲಿ ಹುಟ್ಟಿದ ಹುಡುಗಿಯ ಸ್ಥಿತಿ ಇದಕ್ಕಿಂತ ಸಿಕ್ಕು. ತಾಯಿ ಭಾರತೀಯಳು. ತಂದೆ ಅಕ್ರಮ ವಲಸಿಗನೋ ಅಲ್ಲವೋ ಎಂಬುದರ ಮೇಲೆ ಅವಳ ಪೌರತ್ವ ತೂಗುತ್ತಿದೆ. ತಂದೆ ಬಂದಾಗ ಕಾಗದವಿರಲಿಲ್ಲ, ಆಮೇಲೆ ಆರ್‌ಸಿ ಕೊಟ್ಟು ಇರಲು ಬಿಟ್ಟದ್ದು ಸರ್ಕಾರವೇ. ಇರು ಎಂದು ಬರೆದುಕೊಟ್ಟ ಮೇಲೂ ಅವನನ್ನು ಅಕ್ರಮವೆಂದು ಕರೆಯುವುದು, ಅದರ ಭಾರವನ್ನು ಮಗುವಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಮಾನ್ಯ ಆರ್‌ಸಿ ಇದ್ದವರು ಈ ಕಲಮಿನ ಉದ್ದೇಶಕ್ಕೆ ಅಕ್ರಮ ವಲಸಿಗರಲ್ಲ ಎಂದು ಗೃಹ ಸಚಿವಾಲಯ ಸ್ಪಷ್ಟಪಡಿಸಿದರೆ ಈ ಹುಡುಗಿಯಂಥವರ ದಾರಿ ತೆರೆಯುತ್ತದೆ. ಚೀನಾದ ಗೂಢಚಾರರು ನುಸುಳಿಯಾರು ಎಂಬ ಭದ್ರತೆಯ ಆತಂಕಕ್ಕೂ ಇದರಲ್ಲಿ ಕಾರಣವಿಲ್ಲ, ಏಕೆಂದರೆ ಆರ್‌ಸಿ ಹಿಡಿದವರ ಹೆಸರು, ವಿಳಾಸ, ಓಡಾಟಗಳೆಲ್ಲ ದಶಕಗಳಿಂದ ಪೊಲೀಸರ ಕಡತದಲ್ಲಿವೆ. ಇಷ್ಟು ದಾಖಲೆಯಿರುವ ಜನ ಈ ಸೀಮೆಯಲ್ಲಿ ಬೇರೆ ಯಾರೂ ಇರಲಾರರು.

ಇದೆಲ್ಲ ಕ್ಯಾಂಪಿನ ಬೇಲಿಯೊಳಗಿನ ವಿಷಯ, ನಮಗೇಕೆ ಎನ್ನುವವರು ಒಂದು ಅರ್ಜಿ ನಮೂನೆಯನ್ನು ನೋಡಬೇಕು. 2025ರ ಜೂನ್‌ನಲ್ಲಿ ಚುನಾವಣಾ ಆಯೋಗ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ಸಮಗ್ರ ಪರಿಷ್ಕರಣೆ ಶುರುಮಾಡಿತು, ಅದೇ ವರ್ಷ ಅದು ಕೇರಳ, ಗೋವಾಗಳಿಗೂ ಬಂತು. ಕಾಸರಗೋಡಿನ ಕನ್ನಡಿಗರೂ ಅದರೊಳಗೆ ಬಂದರು. ದೇಶದಾದ್ಯಂತ ಇದನ್ನು ಮಾಡುವುದಾಗಿ ಆಯೋಗ ಹೇಳಿದೆ. ಅಲ್ಲಿ ಕೇಳಿದ ದಾಖಲೆಗಳ ಲೆಕ್ಕ ಇದೇ ಎರಡು ಗೆರೆಗಳ ಮೇಲೆ ನಿಂತಿದೆ: 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರಿಗೆ ತಮ್ಮ ಒಂದು ದಾಖಲೆ, ಅಲ್ಲಿಂದ 2004ರ ಡಿಸೆಂಬರ್ 2ರವರೆಗಿನವರಿಗೆ ತಮ್ಮದರ ಜೊತೆ ಹೆತ್ತವರಲ್ಲಿ ಒಬ್ಬರದು, ಆಮೇಲಿನವರಿಗೆ ಇಬ್ಬರದೂ. ಚಿಕ್ಕೇರೂರಿನ ಸುತ್ತಲ ಹಳ್ಳಿಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1ನ್ನೇ ಹುಟ್ಟುಹಬ್ಬವೆಂದು ನಂಬಿ ಬೆಳೆದವರು ನಮ್ಮಲ್ಲಿ ಎಷ್ಟಿಲ್ಲ! ಮೇಷ್ಟ್ರು 1987ರ ಜೂನ್ 1 ಎಂದು ಬರೆದಿದ್ದರೆ ಒಂದು ಕಾಗದ ಸಾಕು. 1988 ಎಂದು ಬರೆದಿದ್ದರೆ, ಶಾಲೆಯ ಮೆಟ್ಟಿಲನ್ನೇ ಹತ್ತದ ಅವ್ವನ ದಾಖಲೆಯನ್ನು ಎಲ್ಲಿಂದ ತರುವುದು ಎಂದು ಹುಡುಕಬೇಕು. ಮುಂಡಗೋಡದವರಿಗೆ ಆರ್‌ಸಿಯಲ್ಲಾದರೂ ಹುಟ್ಟಿದ ಊರು ಬರೆದಿದೆ.

ರಾಜ್ಯ ಸರ್ಕಾರ ಈಗಲೇ ಮಾಡಬಹುದಾದದ್ದೂ ಇದೆ. ಆರ್‌ಸಿಯ ಜನ್ಮಸ್ಥಳದ ನಮೂದನ್ನು, ಕ್ಯಾಂಪಿನ ಶಾಲೆ-ಆಸ್ಪತ್ರೆಗಳ ಹಳೆಯ ರಿಜಿಸ್ಟರುಗಳನ್ನು ತಡವಾದ ಜನನ ನೋಂದಣಿಗೆ ಸಾಕ್ಷಿಯಾಗಿ ಒಪ್ಪುವಂತೆ ಅದು ಜಿಲ್ಲಾಡಳಿತಕ್ಕೆ ತಿಳಿಸಬಹುದು. ಜನನ-ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ನಂತರ, ವರ್ಷ ಕಳೆದ ಜನನವನ್ನು ನೋಂದಾಯಿಸಲು ನ್ಯಾಯಾಲಯದ ಬಾಗಿಲಿಗೆ ಹೋಗಬೇಕಿಲ್ಲ, ಜಿಲ್ಲಾ ಅಥವಾ ಉಪವಿಭಾಗದ ದಂಡಾಧಿಕಾರಿಯ ಆದೇಶ ಸಾಕು. ಮುಂಡಗೋಡ ಶಿರಸಿ ಉಪವಿಭಾಗದಲ್ಲಿದೆ. 1987ಕ್ಕೆ ಮೊದಲು ಇಲ್ಲಿ ಹುಟ್ಟಿದವರಲ್ಲಿ ಕಿರಿಯವರಿಗೂ ಈಗ ನಲವತ್ತರ ಆಸುಪಾಸು, ಹಿರಿಯರು ಅರವತ್ತಕ್ಕೆ ಹತ್ತಿರವಾಗುತ್ತಿದ್ದಾರೆ. ಅವರ ಹೆರಿಗೆ ಮಾಡಿಸಿದವರು, ಹುಟ್ಟಿದ್ದನ್ನು ಕಂಡು ಹೇಳಬಲ್ಲವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಹಾಗಾಗಿ ಈ ಕೆಲಸ ಮುಂದಿನ ಸರ್ಕಾರಕ್ಕೆ, ಮುಂದಿನ ತೀರ್ಪಿಗೆ ಕಾಯುವಂಥದ್ದಲ್ಲ.